ಹಾಡಿನೊಳಗೆ ಯಾರ ಹೆಸರಿದೆ?

ಓದುಗರ ಪತ್ರ

ಮಾನ್ಯ ಸಂಪಾದಕರೇ, ರ‍್ಯಾಪ್ ಸಂಗೀತದ ಐವತ್ತು ವರ್ಷಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಎಂಟನೇ ತರಗತಿಯಲ್ಲಿರುವ ನನ್ನ ಮೊಮ್ಮಗನಿಗೆ ಪಂಜಾಬಿಯ ಒಂದು ಅಕ್ಷರವೂ ಬಾರದು. ಆದರೂ ಸಿಧು ಮೂಸೆವಾಲಾನ ಹಾಡು ಹಾಕಿಕೊಂಡು, ತೊಡೆ ತಟ್ಟಿ, ಎರಡು ಬೆರಳು ಚಾಚಿ ಗೋಡೆಗೆ ಗುಂಡು ಹೊಡೆಯುತ್ತಾನೆ. ಹುಟ್ಟಿನಿಂದಲೇ ಇದು ರೌಡಿಗಳ ಹಾಡು. ಹಾಡಿದವರೂ ಗುಂಡಿಗೆ ಸಾಯುತ್ತಾರೆ, ಕೇಳಿದವರೂ ಕೆಡುತ್ತಾರೆ. ಇಂಥದ್ದನ್ನು ನಿಷೇಧಿಸಿದರೆ ಯಾರಿಗೆ ನಷ್ಟ? ಅದಿರಲಿ, ಆ ಲೇಖನಕ್ಕೆ ಅರ್ಧ ಪುಟದ ಪಿಸ್ತೂಲಿನ ಚಿತ್ರ ಏಕೆ ಹಾಕಿದಿರಿ?
ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ಮೂರು ವಾರ ನನ್ನ ಮೇಜಿನ ಮೇಲೆಯೇ ಇತ್ತು. ತಡವಾಯಿತೆಂದು ಬೇಸರಿಸಬೇಡಿ. ಇಂಥ ಪತ್ರಗಳಿಗೆ ನಮ್ಮಂಥವರ ಬಳಿ ಒಂದು ಸಿದ್ಧ ಉತ್ತರ ಇರುತ್ತದೆ: ಕಲೆಗೆ ಸ್ವಾತಂತ್ರ್ಯ ಬೇಕು, ಹಾಡು ಕೇಳಿ ಯಾರೂ ಕೊಲೆಗಾರರಾಗುವುದಿಲ್ಲ. ಅದನ್ನು ಬರೆಯಲು ಕುಳಿತಾಗ ನನಗೇ ಸಪ್ಪೆ ಎನಿಸಿತು. ಗೋಡೆಗೆ ಗುಂಡು ಹೊಡೆಯುವ ಆ ಹುಡುಗ ಕಣ್ಣ ಮುಂದೆ ನಿಂತಿದ್ದ. ಹಾಗಾಗಿ ಹಳೆಯ ಹಾಡುಗಳನ್ನು ಮತ್ತೆ ಕೇಳಿದೆ, ಓದಿದ್ದನ್ನು ಮತ್ತೆ ಓದಿದೆ. ನಿಮ್ಮ ಮಾತಿನಲ್ಲಿ ಒಂದನ್ನು ಒಪ್ಪಲಾರೆ, ಇನ್ನೊಂದನ್ನು ನೀವು ಹೇಳಿದ್ದಕ್ಕಿಂತ ಹೆಚ್ಚಾಗಿ ಒಪ್ಪುತ್ತೇನೆ.

ಒಪ್ಪಲಾಗದ್ದು ‘ಹುಟ್ಟಿನಿಂದಲೇ ರೌಡಿಗಳ ಹಾಡು’ ಎಂಬ ಮಾತು. ರ‍್ಯಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಊರಿನ ಹೊಟ್ಟೆಯನ್ನು ಸೀಳಿಕೊಂಡು ಹೆದ್ದಾರಿ ಹೋಗಿತ್ತು, ಕೆಲಸ ಕೊಡುತ್ತಿದ್ದ ಕಾರ್ಖಾನೆಗಳು ಮುಚ್ಚಿದ್ದವು, ವಿಮೆ ಹಣದ ಆಸೆಗೆ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಇಡಿಸುತ್ತಿದ್ದ ಕಾಲ ಅದು. ಬೀದಿಗೊಂದು ಗ್ಯಾಂಗ್ ಇತ್ತು. 1971ರ ಡಿಸೆಂಬರ್‌ನಲ್ಲಿ ‘ಘೆಟ್ಟೊ ಬ್ರದರ್ಸ್’ ಎಂಬ ಗುಂಪು ಜಗಳ ಬಿಡಿಸಲು ಕಾರ್ನೆಲ್ ಬೆಂಜಮಿನ್ ಎಂಬ ತರುಣನನ್ನು ಕಳುಹಿಸಿತು. ಸಂಧಾನಕ್ಕೆ ಹೋದವನನ್ನೇ ಹೊಡೆದು ಕೊಂದರು. ಎಲ್ಲರೂ ಸೇಡಿಗೆ ಕಾದಿದ್ದಾಗ ಸತ್ತವನ ತಾಯಿ ಸೇಡು ಬೇಡವೆಂದಳು. ಅದೇ ತಿಂಗಳ 8ರಂದು ಹೋ ಅವೆನ್ಯೂದ ಬಾಲಕರ ಕ್ಲಬ್ಬಿನಲ್ಲಿ ಗ್ಯಾಂಗುಗಳೆಲ್ಲ ಸೇರಿ ಶಾಂತಿಯ ಒಪ್ಪಂದ ಮಾಡಿಕೊಂಡವು. ಒಪ್ಪಂದ ಎಲ್ಲ ಕಡೆ ಉಳಿಯಲಿಲ್ಲ, ಆದರೆ ಒಂದು ಬೀದಿಯ ಹುಡುಗ ಇನ್ನೊಂದು ಬೀದಿಗೆ ಕಾಲಿಡುವುದು ಸ್ವಲ್ಪ ಸುಲಭವಾಯಿತು.

ಎರಡು ವರ್ಷ ಕಳೆಯಿತು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ನಾಲ್ಕು ಕಾಸು ಬೇಕಿತ್ತು, ಅಷ್ಟೇ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರಟ್ಟಿನ ಚೀಟಿಗಳ ಮೇಲೆ ಕೈಯಲ್ಲೇ ಬರೆದ ಆಹ್ವಾನ. ಹಾಡು ಹಾಕಿದವನು ಅವಳ ಅಣ್ಣ, ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು. ಹಿಪ್‌ಹಾಪ್ (ರ‍್ಯಾಪ್ ಕೂಡ ಇದರ ಭಾಗ) ತನ್ನ ಹುಟ್ಟುಹಬ್ಬವೆಂದು ಆಚರಿಸುವುದು ಆ ದಿನವನ್ನೇ. ಆ ಕೋಣೆಯಲ್ಲಿ ಬಂದೂಕಿನ ಮಾತಿರಲಿಲ್ಲ.

ಹಾಡಿನಲ್ಲಿ ಬಂದೂಕು ಜೋರಾಗಿ ಸದ್ದು ಮಾಡಿದ್ದು ಮುಂದೆ, ಲಾಸ್ ಏಂಜಲೀಸ್‌ನಲ್ಲಿ. ಕ್ರ್ಯಾಕ್ ಎಂಬ ಮಾದಕ ವಸ್ತು ಬೀದಿಗಳನ್ನು ತಿನ್ನುತ್ತಿತ್ತು. 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಪೊಲೀಸರು ನುಗ್ಗಿ 1,453 ಜನರನ್ನು ಹಿಡಿದು, ಬಹಳಷ್ಟು ಮಂದಿಯನ್ನು ಯಾವ ಮೊಕದ್ದಮೆಯೂ ಇಲ್ಲದೆ ಬಿಟ್ಟರು. ಅದೇ ವರ್ಷ ಎನ್‌.ಡಬ್ಲ್ಯೂ.ಎ. ಎಂಬ ಅಲ್ಲಿನ ರ‍್ಯಾಪ್ ತಂಡ ಪೊಲೀಸರನ್ನು ಬೈದು ಹಾಡಿತು. ಮರುವರ್ಷ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌.ಬಿ.ಐ.ಯ ಹಿರಿಯ ಅಧಿಕಾರಿಯೊಬ್ಬರು ಧ್ವನಿಮುದ್ರಣ ಸಂಸ್ಥೆಗೆ ಪತ್ರ ಬರೆದು, ಆ ಹಾಡು ಪೊಲೀಸರ ಮೇಲೆ ಹಿಂಸೆಗೆ ಪ್ರೇರೇಪಿಸುತ್ತದೆ ಎಂದರು. 1991ರ ಮಾರ್ಚ್ 3ರ ರಾತ್ರಿ ರಾಡ್ನಿ ಕಿಂಗ್ ಎಂಬಾತನನ್ನು ಪೊಲೀಸರು ಲಾಠಿಯಿಂದ ಬಡಿಯುವುದನ್ನು ಒಬ್ಬರು ತಮ್ಮ ಮನೆಯ ಬಾಲ್ಕನಿಯಿಂದ ಚಿತ್ರೀಕರಿಸಿದರು. ಹಾಡಿನಲ್ಲಿ ಕೇಳಿದ್ದನ್ನು ಜಗತ್ತು ಕಣ್ಣಾರೆ ಕಂಡಿತು. ಆ ಹಾಡಿನ ಭಾಷೆ ಹೊಲಸು ಎಂದರೆ ನಾನು ವಾದಿಸುವುದಿಲ್ಲ. ಅದು ಸುಳ್ಳು ಎಂದರೆ ವಾದಿಸುತ್ತೇನೆ.

ಹಾಡು ಕೇಳಿದವರು ಕೆಡುತ್ತಾರೆ ಎಂದಿರಿ. 1991ರಲ್ಲಿ ಅಮೆರಿಕದಲ್ಲಿ 24,703 ಕೊಲೆಗಳಾದವು, ಲಕ್ಷ ಜನರಿಗೆ 9.8ರಂತೆ. ಮುಂದಿನ ಒಂಬತ್ತು ವರ್ಷ ಬಂದೂಕಿನ ರ‍್ಯಾಪ್ ಹಿಂದೆಂದೂ ಇಲ್ಲದಷ್ಟು ಮಾರಾಟವಾಯಿತು. 2000ನೇ ಇಸವಿಗೆ ಕೊಲೆಗಳು 15,586ಕ್ಕೆ ಇಳಿದಿದ್ದವು, ಲಕ್ಷಕ್ಕೆ 5.5. ಹಾಡಿನಿಂದ ಕೊಲೆ ಕಡಿಮೆಯಾಯಿತು ಎಂದು ನಾನು ಹೇಳುತ್ತಿಲ್ಲ. ಹಾಡು ಹೆಚ್ಚಾದಂತೆ ಕೊಲೆ ಹೆಚ್ಚುತ್ತದೆ ಎನ್ನುವವರು ಈ ಹತ್ತು ವರ್ಷಗಳ ಲೆಕ್ಕಕ್ಕೆ ಉತ್ತರ ಕೊಡಬೇಕು. ಟೆಕ್ಸಾಸ್‌ನಲ್ಲಿ 1992ರಲ್ಲಿ ಪೊಲೀಸರೊಬ್ಬರನ್ನು ಕೊಂದವನು, ಕಾರಿನಲ್ಲಿ ರ‍್ಯಾಪರ್ ಟುಪಾಕ್ ಶಕುರ್‌ನ ಹಾಡು ಕೇಳುತ್ತಿದ್ದೆ, ಅದೇ ನನ್ನನ್ನು ಕೆರಳಿಸಿತು ಎಂದು ನ್ಯಾಯಾಲಯದಲ್ಲಿ ವಾದ ಹೂಡಿಸಿದ. ಜ್ಯೂರಿ ಆ ವಾದಕ್ಕೆ ಮಣಿಯದೆ ಮರಣದಂಡನೆ ಕೊಟ್ಟಿತು. ಹಾಗೆಂದು ಸಂಶೋಧನೆ ನಿಮ್ಮ ಪಕ್ಕದಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ಹಿಂಸೆಯ ಸಾಹಿತ್ಯವಿರುವ ಹಾಡು ಕೇಳಿದ ತಕ್ಷಣ ಕಾಲೇಜು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಸಿಡುಕು, ಆಕ್ರಮಣದ ಯೋಚನೆ ಹೆಚ್ಚುತ್ತದೆಂದು 2003ರ ಒಂದು ಅಧ್ಯಯನ ಐದು ಪ್ರಯೋಗಗಳಲ್ಲಿ ತೋರಿಸಿತು. ಅದು ಕೇಳಿದ ಕೆಲ ನಿಮಿಷಗಳ ಮಾತು. ಆ ಸಿಡುಕಿನಿಂದ ಕೊಲೆಯವರೆಗಿನ ದಾರಿ ಬಹಳ ಉದ್ದ.

ಕನ್ನಡ ಕಲಿಸಿದ ನಿಮಗೆ ಹಿಡಿಸಬಹುದಾದ ಇನ್ನೊಂದು ಪ್ರಯೋಗವಿದೆ. ಕ್ಯಾರಿ ಫ್ರೈಡ್ ಎಂಬ ಮನೋವಿಜ್ಞಾನಿ ಪೊಲೀಸನನ್ನು ಕೊಂದವನ ಬಗ್ಗೆ ಇದ್ದ ಹಳೆಯ ಜಾನಪದ ಶೈಲಿಯ ಹಾಡಿನ ಸಾಲುಗಳನ್ನು ಜನರ ಕೈಗೆ ಕೊಟ್ಟರು. ಕೆಲವರಿಗೆ ಇದು ರ‍್ಯಾಪ್ ಎಂದರು, ಕೆಲವರಿಗೆ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಹಾಡು ಎಂದರು. ಸಾಲುಗಳು ಅವೇ. ರ‍್ಯಾಪ್ ಎಂದುಕೊಂಡವರಿಗೆ ಅದು ಸಮಾಜಕ್ಕೆ ಹೆಚ್ಚು ಅಪಾಯಕಾರಿ ಎನಿಸಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದ ಸೀಮೆಯ ಆ ಕೊಲೆಯನ್ನು, ಗೆಳೆಯನೇ ಗೆಳೆಯನಿಗೆ ಬಗೆದ ದ್ರೋಹವನ್ನು, ನಮ್ಮ ಹಿರಿಯರು ರಾತ್ರಿಯಿಡೀ ಕಣ್ಣೀರು ಹಾಕುತ್ತ ನೋಡಿದರು. ನೀವೂ ನೋಡಿರುತ್ತೀರಿ. ದುಶ್ಯಾಸನನ ರಕ್ತ ಕುಡಿಯುವ ಭೀಮನನ್ನು ತರಗತಿಯಲ್ಲಿ ಎಷ್ಟು ಸಲ ಓದಿ ಹೇಳಿದ್ದೀರೋ! ಆ ಮಕ್ಕಳು ಕೆಟ್ಟರೇ?

ಇಲ್ಲಿಯವರೆಗೆ ನನ್ನ ವಾದ. ಇನ್ನು ನಿಮ್ಮದು.

ಸಂಗ್ಯಾ ಸತ್ತು ನೂರು ವರ್ಷಗಳ ಮೇಲಾಗಿದೆ. ದುಶ್ಯಾಸನನ ತಾಯಿ ನಮ್ಮ ಬೀದಿಯಲ್ಲಿ ಇಲ್ಲ. 2011ರ ಜನವರಿಯಲ್ಲಿ ಷಿಕಾಗೊದಲ್ಲಿ ಬಸ್ಸಿಗೆ ಕಾಯುತ್ತಿದ್ದ 15 ವರ್ಷದ ಹುಡುಗನೊಬ್ಬನನ್ನು ಗುಂಡಿಕ್ಕಿ ಕೊಂದರು. ಆಗಷ್ಟೇ ಅಲ್ಲಿ ‘ಡ್ರಿಲ್’ ಎಂಬ ರ‍್ಯಾಪ್ ತಲೆಯೆತ್ತುತ್ತಿತ್ತು. ಎದುರು ಗುಂಪಿನ ಹುಡುಗರು ಸತ್ತವನ ಹೆಸರನ್ನು ಗಾಂಜಾದ ಹೆಸರನ್ನಾಗಿ ಮಾಡಿ, ಅವನನ್ನೇ ಸೇದುತ್ತಿದ್ದೇವೆ ಎಂದು ಹಾಡಿದರು. ಒಂದು ಹಾಡಿನಲ್ಲಲ್ಲ, ಹತ್ತಾರು ಹಾಡುಗಳಲ್ಲಿ, ವರ್ಷಗಟ್ಟಲೆ. ಷಿಕಾಗೊವನ್ನೇ ನೋಡದ ಬೇರೆ ದೇಶಗಳ ಹುಡುಗರೂ ಆ ಹೆಸರನ್ನು ಕುಣಿಯುತ್ತ ಹಾಡಿದರು. ಅದು ಒಂದು ಮಗುವಿನ ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ಅವನ ತಾಯಿ ಅದನ್ನು ಕೇಳುತ್ತಲೇ ಬದುಕಬೇಕಾಯಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುವರ್ಷ ಸೆಪ್ಟೆಂಬರ್ 4ರಂದು ಅದೇ ನಗರದ ಎಂಗಲ್‌ವುಡ್‌ನಲ್ಲಿ 18 ವರ್ಷದ ಇನ್ನೊಬ್ಬ ಹುಡುಗ ಸತ್ತ. ಎದುರು ಗುಂಪನ್ನು ಹೆಸರು ಹಿಡಿದು ಕೆಣಕುವ ಹಾಡು ಮಾಡಿದ್ದ, ಅವರ ಬೀದಿಗೇ ಹೋಗಿ ರೇಗಿಸಿ ಅದರ ವಿಡಿಯೊವನ್ನೂ ಹಾಕಿದ್ದ. ಇಂಥ ಹುಡುಗರ ನಡುವೆ ವರ್ಷಗಟ್ಟಲೆ ಓಡಾಡಿದ ಸಮಾಜಶಾಸ್ತ್ರಜ್ಞ ಫಾರೆಸ್ಟ್ ಸ್ಟುವರ್ಟ್ ಹೇಳುವ ಒಂದು ಮಾತು ನನ್ನನ್ನು ಬಹಳ ಕಾಡಿತು. ಇವರಲ್ಲಿ ಹೆಚ್ಚಿನವರು ಹಾಡಿನಲ್ಲಿ ಕೊಚ್ಚಿಕೊಳ್ಳುವಷ್ಟು ಹಿಂಸೆ ಮಾಡಿದವರೇ ಅಲ್ಲ. ನೋಡುವವರು ಬೇಕು, ಹಣ ಬೇಕು, ಈ ಬಡತನದಿಂದ ಹೊರಬೀಳಲು ಇದೊಂದೇ ಬಾಗಿಲು. ದೂರದಲ್ಲಿ ಕುಳಿತ ಕೇಳುಗನಿಗೆ ‘ನಿಜವಾದ’ ರೌಡಿ ಬೇಕು. ಅವನಿಗಾಗಿ ಹುಡುಗ ತನ್ನನ್ನು ನಿಜವೆಂದು ತೋರಿಸಿಕೊಳ್ಳುತ್ತಾನೆ. ಆಮೇಲೆ ಯಾರೋ ಅದನ್ನು ನಿಜವೆಂದೇ ನಂಬಿ ಗುಂಡು ಹೊಡೆಯುತ್ತಾರೆ. ಗುಂಡೇಟಿಗೆ ಟುಪಾಕ್ ಸತ್ತಾಗ 25 ವರ್ಷ, ಹಾಗೆಯೇ ಸತ್ತ ಇನ್ನೊಬ್ಬ ರ‍್ಯಾಪರ್ ನೊಟೋರಿಯಸ್ ಬಿಗ್‌ಗೆ 24. ಅವರಿಬ್ಬರ ಶವಗಳ ಮೇಲೆ ಕಂಪನಿಗಳು ಇಂದಿಗೂ ಹಣ ಎಣಿಸುತ್ತಿವೆ.

ಆದ್ದರಿಂದ ಹಾಡಿನಲ್ಲಿ ಎಷ್ಟು ಬಂದೂಕುಗಳಿವೆ ಎಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಅದರಲ್ಲಿ ಯಾರ ಹೆಸರಿದೆ, ಆ ಹೆಸರಿನವರ ಮನೆ ಎಷ್ಟು ದೂರದಲ್ಲಿದೆ, ಅದನ್ನು ಮಾರಿ ಉಣ್ಣುವವರು ಯಾರು ಎಂದು ಕೇಳುತ್ತೇನೆ. ಬೀದಿಯ ಸಂಕಟವನ್ನು ಹಾಡಿದವನನ್ನು ಬಾಯಿ ಮುಚ್ಚಿಸಬಾರದು. ಪಕ್ಕದ ಬೀದಿಯ ಹೆಣವನ್ನು ಹೆಸರಿಟ್ಟು ಅಣಕಿಸಿ ಹಾಡಿದರೆ ಅದು ಕೊಲೆಗೆ ಕೊಟ್ಟ ವೀಳ್ಯ. ಅದನ್ನು ಕಲೆ ಎಂದು ಸಮರ್ಥಿಸಲು ನನ್ನಿಂದಾಗದು.

ನಿಮ್ಮ ಮೊಮ್ಮಗನ ಮೂಸೆವಾಲಾ ಕಥೆಯೂ ಇದೇ ಜಾಡಿನದು. ಮೂಸಾ ಹಳ್ಳಿಯ ಸರಪಂಚಳ ಮಗ, ಲುಧಿಯಾನದಲ್ಲಿ ಎಂಜಿನಿಯರಿಂಗ್ ಓದಿದವನು, ಕೆನಡಾಕ್ಕೆ ಹೋಗಿ ಹಾಡುಗಾರನಾಗಿ ಮರಳಿದವನು. ಪಂಜಾಬಿನ ಹಾಡುಗಳಲ್ಲಿ ಬಂದೂಕು ಅವನಿಗಿಂತ ಹಳೆಯದು, ಮದುವೆಯ ಚಪ್ಪರದಲ್ಲೂ ಅದು ಗತ್ತಿನ ವಸ್ತು. 2016ರ ಡಿಸೆಂಬರ್‌ನಲ್ಲಿ ಬಠಿಂಡಾ ಜಿಲ್ಲೆಯ ಮೌರ್ ಮಂಡಿಯಲ್ಲಿ ಮದುವೆಗೆ ಬಂದವನೊಬ್ಬ ಹಾರಿಸಿದ ಗುಂಡಿಗೆ ವೇದಿಕೆಯ ಮೇಲೆ ಕುಣಿಯುತ್ತಿದ್ದ ಹೆಣ್ಣುಮಗಳು ಸತ್ತಳು. 2022ರ ಮೇ 15ರಂದು ಮೂಸೆವಾಲಾ ಹೊಸ ಹಾಡು ಬಿಡುಗಡೆ ಮಾಡಿದ. ಅದರ ಮುಖಚಿತ್ರದಲ್ಲಿದ್ದದ್ದು ಟುಪಾಕ್‌ಗೆ ಗುಂಡು ತಗುಲಿದ ಕಾರು. ಎರಡು ವಾರ ಕಳೆದು, ಮೇ 29ರ ಸಂಜೆ, ಜವಾಹರ್ಕೆ ಹಳ್ಳಿಯಲ್ಲಿ ತನ್ನ ಜೀಪು ಓಡಿಸುತ್ತಿದ್ದ ಅವನನ್ನು ಅಡ್ಡಗಟ್ಟಿ ಗುಂಡಿನ ಮಳೆಗರೆದರು. ಅವನಿಗೆ 28. ಕೊಲೆಗೆ ಕಾರಣ ಗ್ಯಾಂಗುಗಳ ಸೇಡು ಎಂದು ಪೊಲೀಸರು ಹೇಳಿದರು. ಹಾಡು ಅವನನ್ನು ಕೊಲ್ಲಲಿಲ್ಲ. ಆದರೆ ಹಾಡು ಮತ್ತು ಬದುಕಿನ ನಡುವಿನ ಗೆರೆಯನ್ನು ಅವನೂ, ಅವನ ಸುತ್ತಲಿನವರೂ ಯಾವತ್ತೋ ಅಳಿಸಿಬಿಟ್ಟಿದ್ದರು.

ನಿಷೇಧದ ಮಾತೂ ಇಲ್ಲಿಯೇ ಬರುತ್ತದೆ. ಹಿಂಸೆ, ಮದ್ಯ, ಮಾದಕ ವಸ್ತುಗಳನ್ನು ವೈಭವೀಕರಿಸುವ ಹಾಡುಗಳನ್ನು ವೇದಿಕೆಗಳಲ್ಲಿ ಹಾಡಲು ಬಿಡಬಾರದೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಮೂಸೆವಾಲಾ ಮೇಲೆ 2020ರಲ್ಲಿ ಮೊಕದ್ದಮೆಗಳೂ ಬಿದ್ದವು. ಯಾವುದೂ 2022ರ ಮೇ ತಿಂಗಳನ್ನು ತಡೆಯಲಿಲ್ಲ. ಸತ್ತ ಮೇಲೆ, ಜೂನ್‌ನಲ್ಲಿ, ಅವನದೊಂದು ಹಾಡು ಹೊರಬಂತು. ಸಟ್ಲೆಜ್–ಯಮುನಾ ಕಾಲುವೆಯ ನೀರಿನ ತಗಾದೆಯ ಬಗ್ಗೆ, ಜೈಲಿನಲ್ಲಿರುವ ಸಿಖ್ಖರ ಬಗ್ಗೆ. ಮೂರು ದಿನದಲ್ಲಿ ಸರ್ಕಾರದ ದೂರಿನ ಮೇರೆಗೆ ಯೂಟ್ಯೂಬ್ ಅದನ್ನು ಭಾರತದಲ್ಲಿ ಕಾಣದಂತೆ ಮಾಡಿತು. ಬಂದೂಕಿನ ಹಾಡುಗಳು ಅಲ್ಲೇ ಇದ್ದವು. ಕಾವೇರಿ, ಮಹದಾಯಿಯ ನಾಡಿನ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಿಷೇಧದ ಕತ್ತರಿಯನ್ನು ಸರ್ಕಾರದ ಕೈಗೆ ಕೊಟ್ಟರೆ ಅದು ಮೊದಲು ಕತ್ತರಿಸುವುದು ನಿಮ್ಮನ್ನು ನೋಯಿಸಿದ್ದನ್ನಲ್ಲ, ಸರ್ಕಾರವನ್ನು ನೋಯಿಸಿದ್ದನ್ನು.

ಮೊಮ್ಮಗನ ಬಗ್ಗೆ ನಿಮಗೆ ಹೇಳುವಷ್ಟು ದೊಡ್ಡವನಲ್ಲ ನಾನು, ಮೂವತ್ತೆರಡು ವರ್ಷ ಮಕ್ಕಳನ್ನು ಕಂಡವರು ನೀವು. ಒಂದು ಸಂಗತಿ ಮಾತ್ರ ಸೂಚಿಸುತ್ತೇನೆ. ಆ ಮೇ 31ರ ದೃಶ್ಯಗಳು ಮೊಬೈಲಿನಲ್ಲಿ ಸಿಗುತ್ತವೆ. ಮೂಸೆವಾಲಾನ ಅಂತ್ಯಕ್ರಿಯೆಗೆ ಮುನ್ನ ತಾಯಿ ಮಗನ ಕೂದಲು ಬಾಚುತ್ತಾಳೆ. ಮದುಮಗನಂತೆ ಪೇಟ ಕಟ್ಟುತ್ತಾರೆ. ಅವನ ಮೆಚ್ಚಿನ ಹಳೆಯ ಟ್ರ್ಯಾಕ್ಟರಿನ ಮೇಲೆ ಮೆರವಣಿಗೆ ಹೊರಡುತ್ತದೆ. ತಂದೆ ತಲೆಯ ಮೇಲಿನ ಪೇಟ ತೆಗೆದು ಜನರ ಮುಂದೆ ಒಡ್ಡಿ ನಿಲ್ಲುತ್ತಾನೆ. ಅದನ್ನು ಹುಡುಗನ ಜೊತೆ ಕುಳಿತು ನೋಡಿ. ಪಂಜಾಬಿ ಬಾರದಿದ್ದರೂ ಅವನಿಗೆ ಅರ್ಥವಾಗುತ್ತದೆ.

ಕೊನೆಗೆ ಪಿಸ್ತೂಲಿನ ಚಿತ್ರ. ಅದನ್ನು ಆರಿಸಿದ್ದು ನಾನೇ. ಲೇಖನದಲ್ಲಿ ಪಿಸ್ತೂಲಿನ ಪ್ರಸ್ತಾಪ ಇದ್ದದ್ದು ಎರಡೇ ಕಡೆ. ಪುಟ ತಿರುವುವವರ ಕಣ್ಣು ಅಲ್ಲಿ ನಿಲ್ಲಲಿ ಎಂದು ಹಾಕಿದೆ. ಕಂಪನಿಗಳ ಬಗ್ಗೆ ಮೇಲೆ ನಾನು ಬರೆದದ್ದೆಲ್ಲ ನನಗೂ ಸಲ್ಲುತ್ತದೆ, ಅದಕ್ಕಾಗಿ ನಿಮ್ಮ ಕ್ಷಮೆ ಕೇಳುತ್ತೇನೆ. ನಮ್ಮ ಜಾಲತಾಣದಲ್ಲಿ ಆ ಚಿತ್ರವನ್ನು ತೆಗೆದು, ಸೆಡ್ಜ್‌ವಿಕ್ ಅವೆನ್ಯೂದ ಆ ವಠಾರದ ಚಿತ್ರ ಹಾಕಿದ್ದೇವೆ.

ಸಂಪಾದಕ