ಗಂಡು ಬೆಕ್ಕು ಮೂತ್ರ ಮಾಡುತ್ತಿಲ್ಲ, ಬೆಳಗಿನ ತನಕ ಕಾಯಬಹುದಾ?

ಕಾಯಬೇಡಿ. ನಡುರಾತ್ರಿಯಾದರೂ ಸರಿ, ಈಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು, ತುದಿಗೆ ಹೋಗುತ್ತಾ ಇನ್ನೂ ಕಿರಿದಾಗುತ್ತದೆ, ಹಾಗಾಗಿ ಮರಳಿನಂಥ ಹರಳು, ಲೋಳೆ ಸ್ವಲ್ಪ ಸೇರಿಕೊಂಡರೂ ಸಾಕು, ದಾರಿ ಪೂರ್ತಿ ಕಟ್ಟಿಕೊಳ್ಳಬಹುದು. ಆಗ ಮೂತ್ರದಲ್ಲಿ ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ, ಅದು ಜಾಸ್ತಿಯಾದರೆ ಹೃದಯದ ಬಡಿತ ತಪ್ಪಿ ನಿಂತೇ ಹೋಗಬಹುದು. 24ರಿಂದ 48 ಗಂಟೆಯೊಳಗೇ ಜೀವಕ್ಕೆ ಕುತ್ತು ಬರಬಹುದು.

ಜನ ಮೋಸ ಹೋಗುವುದು ಎಲ್ಲಿ ಅಂದರೆ, ಇದು ನೋಡೋಕೆ ಮಲಬದ್ಧತೆ ಥರವೇ ಇರುತ್ತದೆ. ಬೆಕ್ಕು ಮತ್ತೆ ಮತ್ತೆ ಮಲಮೂತ್ರಕ್ಕೆ ಇಟ್ಟ ಟ್ರೇಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ, ಹಿಂದೆ ನೆಕ್ಕಿಕೊಳ್ಳುತ್ತದೆ, ಆದರೆ ಟ್ರೇಯ ಮಣ್ಣು ಒಣಗಿಯೇ ಇರುತ್ತದೆ, ಇಲ್ಲಾ ರಕ್ತ ಬೆರೆತ ಒಂದೆರಡು ಹನಿ ಕಾಣುತ್ತದೆ. ವಾಂತಿ ಶುರುವಾಗಿ, ಸುಮ್ನೆ ಮೂಲೆ ಹಿಡಿದು ಮಲಗಿತು ಅಂದರೆ ಪರಿಸ್ಥಿತಿ ಕೈಮೀರುತ್ತಿದೆ.

ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು. ನಮ್ಮ ನೋವಿನ ಮಾತ್ರೆಯಂತೂ ಬೇಡವೇ ಬೇಡ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಹೊರಡುವಾಗಲೇ ಕ್ಲಿನಿಕ್‌ಗೆ ಫೋನ್ ಮಾಡಿ "ಗಂಡು ಬೆಕ್ಕು, ಮೂತ್ರ ಕಟ್ಟಿದೆ" ಅಂತ ಹೇಳಿಬಿಡಿ. ಅಷ್ಟು ಹೇಳಿದರೆ ಅವರು ತಯಾರಾಗಿರುತ್ತಾರೆ.