ಕಾಸರಗೋಡಿನಲ್ಲಿ ‘ಪ್ರತಿ’ ಕೇಳುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ನಿಮ್ಮ ತಮ್ಮನ ಬೈಕಿಗೆ ಕಾರು ಗುದ್ದಿದೆ, ನೀವಿರುವುದು ಹಾಸನದಲ್ಲಿ. ಎಫ್‌ಐಆರ್ ಮತ್ತು ಕೋರ್ಟಿನ ಕಾಗದ ಪಡೆಯುವುದು ಹೇಗೆ ಅಂತ ಕೇಳಿದ್ದೀರಿ. ಅಜ್ಜನ ಕಾಲದ ಜಾಗದ ಕೇಸಿನ ತೀರ್ಪು ಸಿಗಬಹುದಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ದಾರಿ ಉಂಟು. ನಾನು ಕುಂಬಳೆ ಕಡೆಯವನು. ಮನೆಯಲ್ಲಿ ತುಳು, ಕಲಿತದ್ದು ಕನ್ನಡದಲ್ಲಿ, ಆಫೀಸುಗಳಲ್ಲಿ ಮಲಯಾಳ. ಹಾಗಾಗಿ ಮೊದಲು ಮಾತಿನಿಂದಲೇ ಶುರು ಮಾಡುತ್ತೇನೆ. ಹೊರಗಿನಿಂದ ಬಂದ ಕನ್ನಡದವರು ಜಾಸ್ತಿ ತಡವರಿಸುವುದು ಅಲ್ಲೇ.

ನಮಗೆ ‘ಪ್ರತಿ’ ಅಂದರೆ ನಕಲು. ಮಲಯಾಳದಲ್ಲಿ ‘ಪ್ರತಿ’ ಅಂದರೆ ಆರೋಪಿ. ಪೊಲೀಸ್ ಸ್ಟೇಷನ್ನಿನಲ್ಲಿ ಕಾಗದ ಬರೆಯುವ ರೈಟರ್ ಮುಂದೆ ನಿಂತು ‘ಪ್ರತಿ ಬೇಕು’ ಅಂದರೆ ಅವರಿಗೆ ಆರೋಪಿಯನ್ನು ಕೇಳಿದ ಹಾಗಾಗುತ್ತದೆ. ನಕಲಿಗೆ ಅವರ ಮಾತು ‘ಪಗರ್ಪ್’. ನಮ್ಮ ಅಪೇಕ್ಷೆ ಮನಸ್ಸಿನೊಳಗಿನ ಆಸೆ, ಅವರ ‘ಅಪೇಕ್ಷ’ ಕೈಯಲ್ಲಿ ಹಿಡಿದ ಅರ್ಜಿ. ದೂರಿಗೆ ‘ಪರಾದಿ’, ಚಾರ್ಜ್‌ಶೀಟಿಗೆ ‘ಕುಟ್ಟಪತ್ರಂ’. ತೀರ್ಪಿಗೆ ‘ವಿಧಿ’ ಅನ್ನುತ್ತಾರೆ. ನನ್ನ ದೊಡ್ಡಮ್ಮನ ಜಾಗದ ಕೇಸು ಮುಗಿದ ದಿನ ವಕೀಲರ ಗುಮಾಸ್ತ ಮನೆಗೆ ಬಂದು ‘ವಿಧಿ ವನ್ನು’ ಅಂದ. ವಿಧಿ ಬಂತು ಅಂತ ಕೇಳಿಸಿದ್ದೇ ದೊಡ್ಡಮ್ಮ ಜಗಲಿಯಲ್ಲೇ ಕೂತುಬಿಟ್ಟರು. ಕೇಸು ಗೆದ್ದಿದ್ದೇವೆ ಅಂತ ಅವರಿಗೆ ಅರ್ಥ ಮಾಡಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲ ಮರೆತರೂ ‘ಪಗರ್ಪ್’ ಒಂದನ್ನು ನೆನಪಿಟ್ಟುಕೊಳ್ಳಿ.

ಈಗ ನಿಮ್ಮ ತಮ್ಮನ ವಿಷಯ. ಅಪಘಾತ ಆದ ಜಾಗ ಸರಿಯಾಗಿ ಯಾವುದು ಅಂತ ಕೇಳಿಕೊಳ್ಳಿ. ತಲಪಾಡಿಯಿಂದ ಆಚೆ ಮಂಗಳೂರು ಸಿಟಿ ಪೊಲೀಸರು, ಈಚೆ ಮಂಜೇಶ್ವರ ಸ್ಟೇಷನ್. ಇನ್ನೂ ತೆಂಕಕ್ಕೆ ಬಂದರೆ ಕುಂಬಳೆ ಸ್ಟೇಷನ್. ಗಾಯಾಳುವನ್ನು ಸಾಮಾನ್ಯವಾಗಿ ಮಂಗಳೂರಿನ ಆಸ್ಪತ್ರೆಗೇ ಒಯ್ಯುತ್ತಾರೆ. ಅದಕ್ಕೇ ಎಷ್ಟೋ ಮಂದಿ ಕಾಗದವೂ ಮಂಗಳೂರಿನಲ್ಲೇ ಇರಬಹುದು ಅಂತ ಸುಮ್ನೆ ಅಲ್ಲಿ ಅಲೆಯುತ್ತಾರೆ. ಗಾಯದ ಸರ್ಟಿಫಿಕೇಟ್ ಕರ್ನಾಟಕದ ಆಸ್ಪತ್ರೆಯದು, ಎಫ್‌ಐಆರ್ ಕೇರಳದ್ದು. ಗಡಿಯಲ್ಲಿ ಇದು ದಿನನಿತ್ಯದ ಸಂಗತಿ. ಯಾವ ಪೊಲೀಸ್ ಸ್ಟೇಷನ್ನಿಗೆ ಬೇಕಾದರೂ ದೂರು ಕೊಡಬಹುದು, ಅವರು ಅದನ್ನು ‘ಝೀರೋ ಎಫ್‌ಐಆರ್’ ಮಾಡಿ ಸಂಬಂಧಪಟ್ಟ ಸ್ಟೇಷನ್ನಿಗೆ ಕಳಿಸಬೇಕು. ಆದರೆ ಮುಂದಿನ ಕಾಗದವೆಲ್ಲ ಹುಟ್ಟುವುದು ಅಪಘಾತ ಆದ ಜಾಗದ ಸ್ಟೇಷನ್ನಿನಲ್ಲೇ.

ಎಫ್‌ಐಆರ್ ಮನೆಯಲ್ಲೇ ಕೂತು ಸಿಗುತ್ತದೆ. ಕೇರಳ ಪೊಲೀಸರ ‘ತುಣ’ ಅನ್ನುವ ಪೋರ್ಟಲ್ ಇದೆ, ‘ಪೋಲ್ ಆ್ಯಪ್’ ಕೂಡ ಇದೆ. ತುಣ ಅಂದರೆ ನೆರವು. ಜಿಲ್ಲೆ, ಸ್ಟೇಷನ್, ಕ್ರೈಂ ನಂಬರ್ (ಎಫ್‌ಐಆರ್‌ನ ನಂಬರ್), ವರ್ಷ ಹಾಕಿ ಹುಡುಕಿ. ಎಫ್‌ಐಆರನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯದಂಥ ಸೂಕ್ಷ್ಮ ಕೇಸುಗಳನ್ನು ಹಾಕುವುದಿಲ್ಲ, ಅದು ಸರಿಯೇ. ದೂರು ಕೊಟ್ಟವರಿಗೂ ನೊಂದವರಿಗೂ ಎಫ್‌ಐಆರ್ ನಕಲು ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ, ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ ಇದು ಇದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು ಅಂತಲೂ 193ನೇ ಸೆಕ್ಷನ್ ಹೇಳುತ್ತದೆ. ಸೆಕ್ಷನ್ ನಂಬರನ್ನು ಮೃದುವಾಗಿ ಹೇಳಿದರೂ ಕೆಲಸ ಆಗುತ್ತದೆ, ಜಗಳ ಬೇಡ.

ಯಾರಿಗೂ ಪೆಟ್ಟಾಗಿಲ್ಲ, ಗಾಡಿ ಮಾತ್ರ ಜಖಂ ಆಗಿದೆ ಅನ್ನುವವರು ಎಫ್‌ಐಆರ್ ಹುಡುಕಬೇಕಾಗಿಲ್ಲ. ಕೇರಳದಲ್ಲಿ ಅದಕ್ಕೆ ‘ಜಿ.ಡಿ. ಎಂಟ್ರಿ’ ಕೇಳಿ. ಸ್ಟೇಷನ್ ಡೈರಿಯಲ್ಲಿ ಬರೆದ ಆ ದಾಖಲೆ ಇನ್ಶೂರೆನ್ಸಿಗೆ ಸಾಕಾಗುತ್ತದೆ. ಅದಕ್ಕೂ ಆನ್‌ಲೈನ್ ಅರ್ಜಿ ಉಂಟು.

ಕಾಗದ ಕೈಗೆ ಬಂದ ಕೂಡಲೇ ಹೆಸರು ನೋಡಿ. ಇದನ್ನು ಅನುಭವಿಸಿದ ಮೇಲೆ ಹೇಳುತ್ತಿದ್ದೇನೆ. ನನ್ನ ಅಣ್ಣನ ಎಫ್‌ಐಆರನ್ನು ಮಲಯಾಳದಲ್ಲಿ ಬರೆದಿದ್ದರು. ನಮ್ಮ ಮನೆಯ ಹೆಸರಿನ ‘ಳ’ ಹೋಗಿ ‘ಲ’ ಆಗಿತ್ತು, ತಂದೆಯ ಹೆಸರು ಅರ್ಧಕ್ಕೆ ನಿಂತಿತ್ತು. ನಮಗೆ ಓದಲು ಬಂದರೂ ಗಮನ ಕೊಡಲಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಫ್‌ಐಆರ್‌ನಲ್ಲಿ ಇನ್ನೊಂದು ಅಂತ ಇನ್ಶೂರೆನ್ಸಿನವರು ಫೈಲನ್ನೇ ವಾಪಸ್ ಕಳಿಸಿದರು. ಸರಿ ಮಾಡಿಸಲು 4 ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಅಣ್ಣನ ಕಾಲಿನ ರಾಡ್ ತೆಗೆಯುವ ದಿನವೂ ಬಂದಿತ್ತು, ಆಸ್ಪತ್ರೆ ಖರ್ಚಿಗೆ ನಾವು ಸಾಲ ಮಾಡಿದೆವು. ದೂರು ಬರೆಸುವಾಗಲೇ ಆಧಾರ್ ಕಾರ್ಡನ್ನು ಮೇಜಿನ ಮೇಲೆ ಇಡಿ. ಹೆಸರನ್ನು ಇಂಗ್ಲಿಷಿನಲ್ಲೂ ಬರೆಸಿ.

ನಷ್ಟ ಪರಿಹಾರದ ಕೇಸಿಗೆ ಎಫ್‌ಐಆರ್ ಒಂದೇ ಸಾಲದು. ಸ್ಥಳ ಮಹಜರು, ಗಾಡಿ ಪರೀಕ್ಷೆಯ ವರದಿ, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಎಲ್ಲ ಬೇಕು. ಒಂದು ಸಮಾಧಾನ ಏನೆಂದರೆ, ಕೇಸನ್ನು ಇಲ್ಲೇ ಹಾಕಬೇಕೆಂದಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಕೇಸು ಹಾಕುವವರು ವಾಸ ಇರುವ ಊರಿನ ಟ್ರಿಬ್ಯೂನಲ್ಲಿಗೂ (ಅಪಘಾತ ಪರಿಹಾರದ ಕೋರ್ಟಿಗೂ) ಹೋಗಬಹುದು, ತಮ್ಮನ ವಾಸವೂ ಹಾಸನದಲ್ಲಾದರೆ ಅಲ್ಲೇ ಆಗುತ್ತದೆ. ಆದರೆ 2022ರ ಏಪ್ರಿಲ್‌ನಿಂದ ಅದೇ ಸೆಕ್ಷನ್ನಿನಲ್ಲಿ 6 ತಿಂಗಳ ಗಡುವು ಬಂದಿದೆ. ಅದಕ್ಕೇ ಕಾಗದದ ಕೆಲಸವನ್ನು ಈ ವಾರವೇ ಶುರು ಮಾಡಿ ಅನ್ನುವುದು.

ಚಾರ್ಜ್‌ಶೀಟ್ ಕೋರ್ಟಿಗೆ ಹೋದ ಮೇಲೆ ಸ್ಟೇಷನ್ನಿನವರು ‘ನಮ್ಮ ಹತ್ತಿರ ಇಲ್ಲ, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಅದು ನೆಪ ಅಂದುಕೊಳ್ಳಬೇಡಿ. ಮೂಲ ಕಾಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಇರುತ್ತದೆ. ಅಲ್ಲಿ ನಕಲು ಅರ್ಜಿ ಹಾಕಬೇಕು. ಕೇಸ್ ನಂಬರ್ ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಸ್ಟೇಷನ್ ಮತ್ತು ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ಆ ಕೇಸಿಗೆ ಮಾತ್ರ ಸೇರಿದ, 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ನಂಬರ್ ಸಿಗುತ್ತದೆ. ಅದರ ಮೊದಲ ಎರಡು ಅಕ್ಷರ ಕೇರಳಕ್ಕೆ ‘ಕೆ.ಎಲ್.’, ಕರ್ನಾಟಕಕ್ಕೆ ‘ಕೆ.ಎ.’. ಹೆಸರಿನಿಂದ ಹುಡುಕುವುದಾದರೆ ಸ್ಪೆಲ್ಲಿಂಗನ್ನು ನಾಲ್ಕು ರೀತಿ ಬದಲಿಸಿ ನೋಡಿ. ಇಲ್ಲಿ ಊರಿಗೇ ಎರಡೆರಡು ಹೆಸರು. ಮಂಜೇಶ್ವರ, ಮಂಜೇಶ್ವರಂ. ಕುಂಬಳೆ, ಕುಂಬ್ಳ.

ಕೋರ್ಟಿನ ದೃಢೀಕೃತ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಡಿ. ಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ. ಕೇಸಿನಲ್ಲಿ ನೀವು ಕಕ್ಷಿದಾರರಲ್ಲದಿದ್ದರೆ ಯಾಕೆ ಬೇಕು ಅಂತ ಅಫಿಡವಿಟ್ ಕೊಡಬೇಕಾಗುತ್ತದೆ. ನಕಲು ಬಂದಾಗ ಅದರ ಮೇಲಿನ ಸೀಲನ್ನು ನೋಡಿ. ಅರ್ಜಿ ಹಾಕಿದ ದಿನ, ನಕಲಿಗೆ ಸ್ಟಾಂಪು ತನ್ನಿ ಅಂತ ಕೋರ್ಟಿನವರು ಕೇಳಿದ ದಿನ, ನೀವು ಸ್ಟಾಂಪು ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಎಲ್ಲ ಸಾಲಾಗಿ ಬರೆದಿರುತ್ತದೆ. ಮೇಲ್ಮನವಿ ಹಾಕುವವರಿಗೆ ಆ ತಾರೀಕುಗಳು ಬಹಳ ಮುಖ್ಯ. ನಕಲಿಗೆ ಹಿಡಿದ ಸಮಯವನ್ನು ಗಡುವಿನ ಲೆಕ್ಕದಿಂದ ಬಿಡುತ್ತಾರೆ. ಸ್ಟಾಂಪು ಕೊಡಲು ನೀವೇ ತಡ ಮಾಡಿದ ದಿನಗಳು ಮಾತ್ರ ನಿಮ್ಮ ಲೆಕ್ಕಕ್ಕೇ.

ಕನ್ನಡದಲ್ಲಿ ಅರ್ಜಿ ಬರೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಸ್ಥಳೀಯ ಸರ್ಕಾರಿ ಆಫೀಸಿಗೆ ನಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ನಮ್ಮ ಭಾಷೆಯಲ್ಲೇ ಬರಬೇಕು. ನಾನು ಈಗಲೂ ಕನ್ನಡದಲ್ಲೇ ಬರೆಯುತ್ತೇನೆ. ಬರೆಯುವವರು ನಿಂತರೆ ಓದುವ ಗುಮಾಸ್ತರನ್ನು ಇಡುವುದೂ ನಿಲ್ಲುತ್ತದೆ, ಅಲ್ವಾ? ಆದರೆ ನಿಮ್ಮದು ಗಡುವಿನ ಕೆಲಸ. ಕನ್ನಡ ಅರ್ಜಿಯ ಹಿಂದೆ ಇಂಗ್ಲಿಷಿನ ಒಂದು ಹಾಳೆ ಸೇರಿಸಿ. ಪೊಲೀಸರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೂ ಹಾಗೇ ಮಾಡಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಆಯಿತು, ಉತ್ತರಕ್ಕೆ 30 ದಿನ. ತನಿಖೆಗೆ ತೊಂದರೆ ಆಗುವ ಕಾಗದವನ್ನು ಅವರು ಕೊಡದೇ ಇರಬಹುದು.

ಇನ್ನು ಅಜ್ಜನ ಕೇಸು. ಇದರ ಬಗ್ಗೆ ಬರೆಯಲು ಕೂತರೆ ನನಗೆ ಮನಸ್ಸು ಭಾರವಾಗುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ಕೋರ್ಟು ಮಂಗಳೂರಿನಲ್ಲಿ, ಹೈಕೋರ್ಟು ಮದ್ರಾಸಿನಲ್ಲಿ. ಆಮೇಲೆ ನಾವು ಕಣ್ಣೂರು ಜಿಲ್ಲೆಗೆ ಸೇರಿದೆವು, ಜಿಲ್ಲಾ ಕೋರ್ಟು ತಲಶ್ಶೇರಿ, ಹೈಕೋರ್ಟು ಎರ್ನಾಕುಳಂ. 1984ರ ಮೇ 24ಕ್ಕೆ ಕಾಸರಗೋಡು ಬೇರೆ ಜಿಲ್ಲೆ ಆಯಿತು. ಹಾಗಾಗಿ ಒಂದೇ ಮನೆತನದ ಪಾಲಿನ ಕೇಸಿನ ಕಾಗದ ನಾಲ್ಕೈದು ಊರಲ್ಲಿ ಹರಡಿರಬಹುದು. ನಿಮ್ಮ ಅಜ್ಜನ ಕೇಸು 1956ರ ಮೊದಲಿನದಾ, ನಂತರದ್ದಾ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಮೊದಲಿನದಾದರೆ ಅಪೀಲಿನ ಕಾಗದವನ್ನು ಮಂಗಳೂರಿನಲ್ಲೂ ಕೇಳಿ. ಹಳೆಯ ಕೇಸುಗಳಲ್ಲಿ ಸಾಕ್ಷಿ ಹೇಳಿಕೆಯಂಥವನ್ನು ಕೆಲವು ವರ್ಷದ ಮೇಲೆ ನಾಶ ಮಾಡುತ್ತಾರೆ, ಡಿಕ್ರಿಯನ್ನು (ತೀರ್ಪಿನ ಪ್ರಕಾರ ಹೊರಡುವ ಆದೇಶವನ್ನು) ಹೆಚ್ಚು ಕಾಲ ಇಡುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ‘ಇಡೀ ಫೈಲು’ ಅಂತ ಬರೆಯಬೇಡಿ. ‘ತೀರ್ಪು ಮತ್ತು ಡಿಕ್ರಿ’ ಅಂತ ಬರೆಯಿರಿ.

ಕೇಸ್ ನಂಬರ್ ಇಲ್ಲದಿದ್ದರೆ ಮನೆಯ ಹಳೆಯ ಪೆಟ್ಟಿಗೆ ನೋಡಿ. ಪಾಲುಪಟ್ಟಿಯಲ್ಲೋ ಕ್ರಯಚೀಟಿಯಲ್ಲೋ ‘ಇಂಥ ಮುನ್ಸಿಫ್ ಕೋರ್ಟಿನ ಓ.ಎಸ್. ನಂಬ್ರ’ ಅಂತ ಒಂದು ಸಾಲು ಇರುತ್ತದೆ; ಓ.ಎಸ್. ಅಂದರೆ ಮೂಲ ದಾವೆ. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಕಾಗದ ಕನ್ನಡದಲ್ಲಿದ್ದರೆ ಮೂಲಗೇಣಿ, ಚಾಲಗೇಣಿ, ವರ್ಗ, ಕವರು ಅಂತೆಲ್ಲ ಗೇಣಿ, ಜಾಗ, ಮನೆತನದ ಹಳೆಯ ಶಬ್ದಗಳು ಬರುತ್ತವೆ. ಈಗಿನ ಆಫೀಸಿನವರಿಗೆ ಲಿಪಿಯೂ ಹೊಸದು, ಶಬ್ದವೂ ಹೊಸದು. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಸಹಿಯೊಂದಿಗೆ ತನ್ನಿ. ನಮ್ಮ ಕಡೆ ಹಳೆಯ ದಸ್ತಾವೇಜು ಬರಹಗಾರರು ಕೆಲವರು ಇನ್ನೂ ಇದ್ದಾರೆ, ಹಳೆಯ ಕಾಗದದ ಕೂಡುಬರಹದ ಮೋಡಿ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ಸರಸರ ಓದುತ್ತಾರೆ. ನಾನು ಕರೆದುಕೊಂಡು ಹೋಗುತ್ತೇನೆ.

ನೀವು ಬರುವ ದಿನ ಮಂಗಳೂರಿನಿಂದ ಕಾಸರಗೋಡು ಬಸ್ ಹತ್ತಿ. ಸ್ಟೇಷನ್ ಕೆಲಸ ಇದ್ದರೆ ಮಂಜೇಶ್ವರದಲ್ಲೇ ಇಳಿಯಿರಿ. ಕೋರ್ಟ್ ಇರುವುದು ವಿದ್ಯಾನಗರದಲ್ಲಿ, ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ದಾಟಿ ಚೆರ್ಕಳದ ದಾರಿಯಲ್ಲಿ. ತಮ್ಮನ ಸಹಿ ಇರುವ ಒಪ್ಪಿಗೆ ಪತ್ರ, ಇಬ್ಬರ ಆಧಾರ್, ಕ್ರೈಂ ನಂಬರ್ ಬರೆದ ಚೀಟಿ ಜೊತೆಗಿರಲಿ. ಬೆಳಿಗ್ಗೆ ಬೇಗ ಬನ್ನಿ, ನಕಲು ಅರ್ಜಿಯನ್ನು ಮಧ್ಯಾಹ್ನದ ಮೊದಲೇ ಕೊಟ್ಟುಬಿಡೋಣ.