ಸರಿಗೆ ಜೇನುತುಪ್ಪ ಬೆರೆಸಬಹುದೇ?

ಪ್ರಶ್ನೆ: ಏಳು ತಿಂಗಳ ಮಗಳು ರಾಗಿ ಸರಿಯನ್ನು ಉಗುಳುತ್ತಾಳೆ. ಅತ್ತೆಯವರು ಜೇನುತುಪ್ಪ ಬೆರೆಸು ಎನ್ನುತ್ತಾರೆ. ಬೆರೆಸಲೇ?
– ಓದುಗರು, ತುಮಕೂರು

ಉತ್ತರ: ಬೇಡಮ್ಮ. ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಬಾಟುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ಗಂಭೀರ ಕಾಯಿಲೆಯ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಬಿಸಿ ಸರಿಗೆ ಹಾಕಿದರೂ ಅವು ಸಾಯುವುದಿಲ್ಲ. ಅತ್ತೆಯವರಿಗೆ ಪ್ರೀತಿಯಿಂದಲೇ ಹೇಳಿ, ಅವರದೂ ಮೊಮ್ಮಗಳ ಮೇಲಿನ ಕಾಳಜಿಯೇ.

ಉಗುಳುವುದು ಹಟವಲ್ಲ, ಹೊಸ ರುಚಿಯ ಪರಿಚಯ. ನನ್ನ ಮಗ ಹತ್ತು ದಿನ ಉಗುಳಿದ. ಹನ್ನೊಂದನೆಯ ದಿನ ಬಟ್ಟಲಿಗೇ ಕೈ ಹಾಕಿದ! ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಚಮಚದಿಂದ ನೀರಿನಂತೆ ಸುರಿಯದಷ್ಟು ಗಟ್ಟಿಯಾಗಿ ಬೇಯಿಸಿ, ಮಾಗಿದ ಬಾಳೆಹಣ್ಣು ಕಿವುಚಿ ಹಾಕಿ. ಉಪ್ಪು, ಸಕ್ಕರೆ ಬೇಡ. ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿ.